ಬುಟ್ಟಿಯೂ ಕಡುಬೂ ಕೈಕೊಡದಿರಲು: ಭೂಮಿ ಹುಣ್ಣಿಮೆಯ ಹನ್ನೆರಡು ಸೂತ್ರ

ವಿಜಯದಶಮಿ ಕಳೆದು ಐದನೇ ದಿನಕ್ಕೆ ಹುಣ್ಣಿಮೆ. ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತು. ಭೂಮಿ ಈಗ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಪಂಚಾಂಗದಲ್ಲಿ ಸೀಗೆ ಹುಣ್ಣಿಮೆ, ನಮ್ಮ ಬಾಯಲ್ಲಿ ಭೂಮಿ ಹುಣ್ಣಿಮೆ. ಹಬ್ಬ ಗದ್ದೆ ಇರುವ ಎಲ್ಲರದ್ದು. ಊಟ ಹೊತ್ತೊಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವುದು ದೀವರ ಹೆಣ್ಣುಮಕ್ಕಳ ಕೈಚಳಕ.

ನಾನು ಹುಟ್ಟಿದ್ದು ಸೊರಬ ತಾಲ್ಲೂಕಿನಲ್ಲಿ, ಮದುವೆಯಾಗಿ ಬಂದದ್ದು ಶಿಕಾರಿಪುರಕ್ಕೆ. ದಸರಾ ಬಂತೆಂದರೆ ಎರಡೂ ಕಡೆಯಿಂದ ಫೋನು. "ಅಕ್ಕಾ, ಬುಟ್ಟಿ ಬಿರುಕು ಬಿಟ್ತು." "ಅತ್ತಿಗೆ, ಸೊಪ್ಪು ಬಾಯೆಲ್ಲ ತುರಿಸ್ತದೆ ಮಾರಾಯ್ತಿ, ಏನ್ ಮಾಡ್ಲಿ?" "ಗದ್ದೆಗೆ ಹೊರಡೋ ಹೊತ್ತಾದ್ರೂ ಕಡುಬು ಬೆಂದಿಲ್ಲ." ವರ್ಷ ವರ್ಷ ಇದನ್ನೇ ಕೇಳಿ ನನಗೆ ಗೊತ್ತಾದದ್ದು, ಮೂರು ದೂರಿನ ಬೇರೂ ಒಂದೇ. ಹೊತ್ತಿನ ಲೆಕ್ಕ ತಪ್ಪಿರುತ್ತದೆ. ಈ ಸಲ ಫೋನಿನಲ್ಲಿ ಹೇಳುವುದನ್ನು ಬರೆದೇ ಇಟ್ಟಿದ್ದೇನೆ.

1. ಲೆಕ್ಕವನ್ನು ಕೊನೆಯಿಂದ ಹಾಕಿ.

ಪೂಜೆ ನಸುಕಿನಲ್ಲಿ. ಅಂದರೆ ಬುಟ್ಟಿ ತುಂಬುವುದು ಬೆಳಗಿನ ಜಾವ ನಾಲ್ಕಕ್ಕೆ, ಕಡುಬು ಒಲೆ ಏರುವುದು ನಡುರಾತ್ರಿ, ಸೊಪ್ಪು ಕೊಯ್ಯುವುದು ಹಿಂದಿನ ದಿನ ಮಧ್ಯಾಹ್ನ, ಚಿತ್ತಾರ ಮುಗಿಯುವುದು ಅದಕ್ಕೂ ಒಂದು ದಿನ ಮೊದಲು. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂತು, ಹುಣ್ಣಿಮೆ 7ಕ್ಕೆ. ನಡುವಿನ ದಿನಗಳಲ್ಲಿ ಮಳೆ ಹಿಡಿದರೆ ಏನೂ ಒಣಗುವುದಿಲ್ಲ. ಆದ್ದರಿಂದ ಲೆಕ್ಕದಲ್ಲಿ ಒಂದು ದಿನ ಮಳೆಗೆಂದು ಬಿಡಿ. ಕ್ಯಾಲೆಂಡರಿನಲ್ಲಿ ಹುಣ್ಣಿಮೆಯಿಂದ ಹಿಂದಕ್ಕೆ ಒಂದೊಂದೇ ಕೆಲಸ ಬರೆಯುತ್ತಾ ಬನ್ನಿ, ಯಾವುದನ್ನು ಇವತ್ತೇ ಶುರು ಮಾಡಬೇಕೆಂದು ತಾನಾಗಿ ಕಾಣುತ್ತದೆ.

2. ಬುಟ್ಟಿ ಎರಡು ಬೇಕು, ಮೊದಲೇ ಹೇಳಿಡಿ.

ದೊಡ್ಡದು ಭೂಮಣ್ಣಿ ಬುಟ್ಟಿ, ಇದರಲ್ಲಿ ಊಟ. ಚಿಕ್ಕದು ಹಚ್ಚಂಬಲಿ ಬುಟ್ಟಿ, ಇದರಲ್ಲಿ ಗದ್ದೆಗೆ ಬೀರುವ ಅಂಬಲಿ. ಮೇದರು ಹೆಣೆದ ಬಿದಿರಿನ ಬುಟ್ಟಿಯೇ ಆಗಬೇಕು, ನುಣುಪು ಪ್ಲಾಸ್ಟಿಕ್ಕಿಗೆ ಸಗಣಿ ಹಿಡಿಯುವುದಿಲ್ಲ. ಮನೆಯಲ್ಲಿ ಹಳೆಯದು ಗಟ್ಟಿ ಇದ್ದರೆ ಹೊಸದರ ಆಸೆ ಬೇಡ.

3. ಸಗಣಿ ತೆಳ್ಳಗೆ, ಒಣಗಿಸುವುದು ನೆರಳಲ್ಲಿ.

ಮದುವೆಯಾದ ಮೊದಲ ವರ್ಷ ಅವಸರಕ್ಕೆ ದಪ್ಪ ಬಳಿದು, ಬೇಗ ಒಣಗಲೆಂದು ಬುಟ್ಟಿಯನ್ನು ತಗಡಿನ ಮಾಡಿನ ಮೇಲಿಟ್ಟೆ. ಸಂಜೆ ಇಳಿಸುವಾಗ ಬೇಸಿಗೆಯ ಕೆರೆಯಂಗಳದ ಹಾಗೆ ಒಡೆದಿತ್ತು, ಮುಟ್ಟಿದರೆ ಚಕ್ಕೆ ಚಕ್ಕೆ ಬಿತ್ತು. ಎಲ್ಲವನ್ನೂ ತೊಳೆದು ಮತ್ತೆ ಶುರು ಮಾಡಬೇಕಾಯಿತು. ಮೇಲಿನ ಪದರ ಬಿಸಿಲಿಗೆ ಬೇಗ ಬಿಗಿಯುತ್ತದೆ, ಒಳಗಿನದು ಹಸಿಯಾಗಿಯೇ ಇರುತ್ತದೆ, ಅಲ್ಲೇ ಬಿರುಕು. ತಾಜಾ ಸಗಣಿಯಲ್ಲಿ ಕಸ ಕಡ್ಡಿ ಆರಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹೆಣಿಗೆಯ ಸಂದಿ ಮುಚ್ಚುವಷ್ಟು ಮಾತ್ರ ಅಂಗೈಯಿಂದ ಒತ್ತಿ ಬಳಿಯಿರಿ. ಜಗಲಿಯ ನೆರಳಲ್ಲಿ ಒಂದು ದಿನ. ಆಮೇಲೆ ಇನ್ನೊಂದು ತೆಳುವಾದ ಕೈ.

4. ಕೆಮ್ಮಣ್ಣನ್ನು ಹಿಂದಿನ ರಾತ್ರಿಯೇ ನೆನೆಹಾಕಿ.

ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿ, ಒಣಗಿದ ಸಗಣಿಯ ಮೇಲೆ ಬಳಿಯಿರಿ. ಒಂದು ಮರಳಿನ ಕಣ ಉಳಿದರೂ ನಾಳೆ ಎಳೆ ಬರೆಯುವಾಗ ಅಲ್ಲೇ ಕೈ ಎಡವುತ್ತದೆ. ನಮ್ಮ ಮನೆಯಲ್ಲಿ ಒಂದು ಲೋಟ ಅನ್ನದ ಗಂಜಿ ಸೇರಿಸುತ್ತೇವೆ, ಬಣ್ಣ ಕೈಗೆ ಮೆತ್ತುವುದಿಲ್ಲ.

5. ಬಿಳಿ ಹಿಟ್ಟಿನ ಹದ ಉಗುರಿನ ಮೇಲೆ ನೋಡಿ.

ಚಿತ್ತಾರದ ಗೆಲುವು ಸೋಲು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಾತ್ರಿ ನೆನೆಸಿದ ಅಕ್ಕಿಯನ್ನು ಬೆಣ್ಣೆಯಷ್ಟು ನುಣ್ಣಗೆ ರುಬ್ಬಿ. ಮಿಕ್ಸಿಯಲ್ಲಾದರೆ ರುಬ್ಬಿದ ಮೇಲೂ ಒಮ್ಮೆ ಸೋಸಿ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಇಟ್ಟು ಬೆರಳು ಓರೆ ಮಾಡಿ. ಓಡಿದರೆ ನೀರಾಯಿತು, ಗುಡ್ಡೆಯಾಗಿ ಕೂತರೆ ಗಟ್ಟಿಯಾಯಿತು, ನಿಧಾನಕ್ಕೆ ಜಾರಿ ನಿಂತರೆ ಸರಿ. ಹಸಿಯಿರುವಾಗ ಎಳೆ ಮಂಕಾಗಿ ಕಾಣುತ್ತದೆಂದು ಮತ್ತೆ ಮತ್ತೆ ತಿದ್ದಬೇಡಿ, ಒಣಗಿದ ಮೇಲೆ ತಾನೇ ಬೆಳ್ಳಗಾಗುತ್ತದೆ. ರುಬ್ಬಿದ್ದು ಮರುದಿನಕ್ಕೆ ಹುಳಿಯುತ್ತದೆ, ಆ ದಿನದ್ದು ಆ ದಿನಕ್ಕೆ ರುಬ್ಬಿ. ಕಪ್ಪು ಬೇಕಾದರೆ ಅಕ್ಕಿಯನ್ನೇ ಸುಟ್ಟು ಕರಿ ಮಾಡಿ ಅರೆಯುವುದು, ಹಳದಿಗೆ ಗುರಿಗೆ ಬೀಜ. ಕೆಂಪು, ಬಿಳುಪು, ಕಪ್ಪು, ಹಳದಿ. ಹಸೆಗೋಡೆಗೂ ಈ ನಾಲ್ಕೇ ಬಣ್ಣ.

ಕುಂಚಕ್ಕೆ ಪುಂಡಿ ನಾರು. ತುದಿಯನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಜಜ್ಜಿದರೆ ಎಳೆಯೆಳೆಯಾಗಿ ಬಿಡುತ್ತದೆ, ಒಂದೆರಡನ್ನು ಉಳಿಸಿಕೊಂಡು ಬಾಕಿಯದನ್ನು ಕತ್ತರಿಸಿ. ನನ್ನ ಸೋದರತ್ತೆ ಬರೆಯುವಾಗ ಕಿರುಬೆರಳನ್ನು ಬುಟ್ಟಿಗೆ ಊರಿ, ನಾರನ್ನು ಹಿಟ್ಟಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿ, ಉಸಿರು ಹಿಡಿದು ಎಳೆ ಎಳೆಯುತ್ತಿದ್ದಳು. ಎಳೆ ಮುಗಿಯುವವರೆಗೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಎಡಗೈಯಲ್ಲಿ ಬುಟ್ಟಿ ತಿರುಗುತ್ತಿತ್ತು, ಬಲಗೈ ಇದ್ದಲ್ಲೇ ಇರುತ್ತಿತ್ತು. ಹೊಸಬರು ಕಲಿಯಬೇಕಾದದ್ದು ಇದನ್ನೇ. ದುಂಡನೆಯ ಬುಟ್ಟಿಗೆ ಕೈ ಓಡಿಸಹೋದರೆ ಎಳೆ ಸೊಟ್ಟಗಾಗುತ್ತದೆ, ಬುಟ್ಟಿಯನ್ನೇ ಕೈಗೆ ತನ್ನಿ. ಮೊದಲು ಬಾಯಿಯ ಸುತ್ತ ಎರಡೆಳೆ, ತಳದ ಸುತ್ತ ಎರಡೆಳೆ, ನಡುವಿನ ಜಾಗವನ್ನು ಸಮಪಾಲು ಮಾಡಿಕೊಂಡು ಭತ್ತದ ಸಸಿ ಬರೆಯಿರಿ. ಮೊದಲ ವರ್ಷಕ್ಕೆ ಅಷ್ಟು ಧಾರಾಳ ಸಾಕು.

6. ಎನಾಮಲ್ ಬಣ್ಣ ಬೇಡವೇ ಬೇಡ.

ಹೊಳೆಯುತ್ತದೆ, ಬಾಳಿಕೆ ಬರುತ್ತದೆ ಎನ್ನುತ್ತಾರೆ. ಬಾಳಿಕೆ ಬರುವುದೇ ತೊಂದರೆ. ಮಣ್ಣಿನ ಬಣ್ಣವನ್ನು ನೆನೆಸಿ ಉಜ್ಜಿದರೆ ಬುಟ್ಟಿ ಬರಿದಾಗಿ ಮುಂದಿನ ವರ್ಷ ಹೊಸ ಚಿತ್ತಾರಕ್ಕೆ ಸಿದ್ಧ. ಪೇಂಟು ಬಳಿದ ಬುಟ್ಟಿಗೆ ಮತ್ತೆ ಸಗಣಿ ಹಿಡಿಯುವುದಿಲ್ಲ, ಬಣ್ಣದ ಚಕ್ಕೆ ಅನ್ನಕ್ಕೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಬರೆಯುವ ಕೆಲಸವೇ ಇಲ್ಲದೆ ಹೋದರೆ ಮನೆಯ ಹುಡುಗಿ ಎಲ್ಲಿ ಕಲಿಯುತ್ತಾಳೆ? ಈ ಒಂದು ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

7. ಸೊಪ್ಪಿನ ಲೆಕ್ಕಕ್ಕಿಂತ ಸೊಪ್ಪಿನ ಗುರುತು ಮುಖ್ಯ.

ಹಚ್ಚಂಬಲಿಗೆ ನೂರೊಂದು ಸೊಪ್ಪು ಬೇಕೆನ್ನುವುದು ಹಿರಿಯರ ಮಾತು. ಸಿಕ್ಕಿದಷ್ಟು ಬಗೆ ಸೇರಿಸಿ ಎಂದು ಅದರ ಅರ್ಥ. ಕೆಸು, ಹರಿವೆ, ಬಸಳೆ, ಕುಂಬಳದ ಕುಡಿ, ಹಾಗಲದ ಕುಡಿ, ನುಗ್ಗೆ, ಹೊನಗೊನ್ನೆ, ಒಂದೆಲಗ, ಕನ್ನೆ, ಗಣಿಕೆ ಎಂದು ಎಣಿಸುತ್ತಾ ಹೋದರೆ ಹಿತ್ತಲು ಮತ್ತು ಬೇಲಿಯಲ್ಲೇ ಇಪ್ಪತ್ತು ದಾಟುತ್ತದೆ. ಗುರುತು ಹತ್ತದ ಎಲೆಯನ್ನು ಮಾತ್ರ ಎಣಿಕೆಯ ಆಸೆಗೆ ಕೀಳಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿಕೊಳ್ಳಿ. ಈ ಕಾಲದ ಇನ್ನೊಂದು ಎಚ್ಚರಿಕೆ: ಮೆಕ್ಕೆಜೋಳದ ಹೊಲದ ಬದು, ತೋಟದ ಅಂಚು ಎಲ್ಲ ಕಡೆ ಕಳೆನಾಶಕ ಹೊಡೆಯುತ್ತಾರೆ. ಆ ಜಾಗದ ಸೊಪ್ಪು ಎಷ್ಟೇ ಹಸಿರಾಗಿದ್ದರೂ ಬೇಡ.

ತುರಿಕೆಯ ಫೋನು ಬರುವುದು ಕೆಸುವಿನಿಂದ. ಅದರಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಗಂಟಲಿಗೆ ಚುಚ್ಚುವುದು ಅವೇ. ಎಳೆಯ ಎಲೆಯನ್ನೇ ಕೊಯ್ದು, ಹುಣಸೆಹುಳಿಯನ್ನೋ ಜಜ್ಜಿದ ಅಮಟೆಕಾಯನ್ನೋ ಹಾಕಿ ಕೆಸುವನ್ನು ಬೇರೆಯಾಗಿ ಮೆತ್ತಗೆ ಬೇಯಿಸಿ. ಈ ಹೊತ್ತಿಗೆ ಅಮಟೆ ಮರದ ತುಂಬ ಕಾಯಿ. ಪೂರ್ತಿ ಬೆಂದ ಮೇಲೆ ಬಾಕಿ ಸೊಪ್ಪು, ಹೀರೇಕಾಯಿ ಹೋಳು, ಅಕ್ಕಿ ನುಚ್ಚು ಸೇರಿಸಿ ಅಂಬಲಿ ಮಾಡಿ. ಕೈಯಿಂದ ಬೀರಲು ಬರುವಷ್ಟು ಗಟ್ಟಿಯಿರಲಿ. ತೆಳುವಾದರೆ ಬುಟ್ಟಿಯಿಂದ ಸೋರಿ ಹೊತ್ತವನ ಅಂಗಿಯೆಲ್ಲ ಸೊಪ್ಪು.

8. ಸೌತೆಕಾಯಿ ಕಡುಬಿಗೆ ಬೇರೆ ನೀರು ಹಾಕಬೇಡಿ.

ಬಲಿತ ಸೌತೆಕಾಯಿಯ ಎರಡೂ ತುದಿ ಕತ್ತರಿಸಿ ನಾಲಿಗೆಗೆ ಇಟ್ಟು ನೋಡಿ. ಕಹಿಯಾದರೆ ಅದನ್ನು ಅಲ್ಲಿಗೇ ಬಿಡಿ, ಬೆಲ್ಲದಿಂದ ಕಹಿ ಮುಚ್ಚುವುದಿಲ್ಲ. ತಿರುಳು ತೆಗೆದು ತುರಿದು, ಎರಡು ಲೋಟ ತುರಿಗೆ ಒಂದು ಲೋಟ ಅಕ್ಕಿ ತರಿ, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು ಹಾಕಿ ಕಲಸಿ ಅರ್ಧ ಗಂಟೆ ಬಿಡಿ. ಬೆಲ್ಲ ಕರಗಿ, ಸೌತೆ ನೀರು ಬಿಟ್ಟು, ತರಿ ಅದನ್ನು ಕುಡಿದು ಹದಕ್ಕೆ ಬರುತ್ತದೆ. ಮೊದಲೇ ಗಟ್ಟಿಯೆಂದು ನೀರು ಸುರಿದವರದ್ದೇ ಬೆಳಗಾದರೂ ಬೇಯದ ಕಡುಬು. ಅರಿಶಿನದ ಎಲೆಯಲ್ಲೋ ಬಾಡಿಸಿದ ಬಾಳೆಲೆಯಲ್ಲೋ ಮಡಚಿ, ಕುದಿಯುವ ನೀರಿನ ಮೇಲೆ ಮುಕ್ಕಾಲು ಗಂಟೆ ಇಡಿ. ಕಡ್ಡಿ ಚುಚ್ಚಿ ನೋಡಿ, ಒಣಗಿ ಬರಬೇಕು. ಇಳಿಸಿದ ಕೂಡಲೇ ಬಿಚ್ಚಬೇಡಿ, ಎಲೆಗೆ ಹತ್ತಿಕೊಳ್ಳುತ್ತದೆ.

9. ಒಲೆಗೆ ಸರದಿ ಗೊತ್ತುಮಾಡಿ.

ಪೇಟೆ ಮನೆಯಲ್ಲಿ ಇರುವುದು ಎರಡು ಬರ್ನರು. ಅಂಬಲಿ ಸಂಜೆಯೇ ಆಗಲಿ. ಪಾಯಸ, ಪಲ್ಯ ರಾತ್ರಿ ಹತ್ತರೊಳಗೆ. ಹನ್ನೆರಡಕ್ಕೆ ಒಂದು ಒಲೆ ಕಡುಬಿಗೆ ಮೀಸಲು, ಇನ್ನೊಂದರಲ್ಲಿ ಅನ್ನ. ಚಿತ್ರಾನ್ನ ಕಲಸುವುದು ಕೊನೆಗೆ, ಅನ್ನ ಆರಿದ ಮೇಲೆ. ಮೊಸರನ್ನಕ್ಕೆ ಹಾಲೇ ಹೆಚ್ಚು ಹಾಕಿ, ಒಂದೆರಡು ಚಮಚ ಮೊಸರು ಸಾಕು. ಗದ್ದೆಯಲ್ಲಿ ಪೂಜೆ ಮುಗಿಸಿ ಉಣ್ಣುವಷ್ಟರಲ್ಲಿ ಅದು ತಾನಾಗಿ ಹದವಾಗಿರುತ್ತದೆ. ಮಸಾಲೆ ಅರೆಯುವುದು, ಕಾಯಿ ತುರಿಯುವುದು ಎಲ್ಲ ಹಗಲಿನ ಕೆಲಸ. ರಾತ್ರಿ ಎರಡು ಗಂಟೆಗೆ ಮಿಕ್ಸಿ ಹಾಕಿ ಮಕ್ಕಳನ್ನು ಎಬ್ಬಿಸಬೇಡಿ.

10. ಕೆಲಸ ಹಂಚಿ, ಒಬ್ಬರೇ ಹೊರಬೇಡಿ.

ಬುಟ್ಟಿ ಹೊರುವುದು ಗಂಡಸರು, ಅದಕ್ಕೆ ಮುಂಚಿನ ಐದು ದಿನ ಅವರಿಗೆ ಕೆಲಸವೇ ಇಲ್ಲ ಎಂಬ ರೂಢಿ ಬಿದ್ದಿದೆ. ಕೆಮ್ಮಣ್ಣು ತರುವುದು, ಕಾಯಿ ಸುಲಿಯುವುದು, ಬಾಳೆಲೆ ಕೊಯ್ಯುವುದು, ಗದ್ದೆ ಬದುವಿನಲ್ಲಿ ಪೂಜೆಯ ಜಾಗ ಸವರುವುದು ಅವರಿಗೆ ಕೊಡಿ. ನಮ್ಮ ಮನೆಯಲ್ಲಿ ಕಡುಬಿನ ಎಲೆ ಮಡಚುವುದು ನನ್ನ ಮೈದುನ, ಅವನಷ್ಟು ಚೊಕ್ಕಟವಾಗಿ ನನಗೂ ಬರುವುದಿಲ್ಲ. ಮಕ್ಕಳಿಗೆ ದಸರಾ ರಜೆ. ಚಿಕ್ಕ ಬುಟ್ಟಿಯನ್ನು ಪೂರ್ತಿ ಅವರಿಗೇ ಬಿಟ್ಟುಬಿಡಿ, ಎಳೆ ಸೊಟ್ಟಗಿದ್ದರೂ ತಿದ್ದಬೇಡಿ. ಹೊಲಕ್ಕೆ ಹೋದಾಗ ತಾನು ಬರೆದದ್ದೆಂದು ಎಲ್ಲರಿಗೂ ತೋರಿಸುವಾಗಿನ ಮುಖ ನೋಡಬೇಕು.

11. ಗದ್ದೆ ಇಲ್ಲವೆಂದು ಕೈಬಿಡಬೇಡಿ.

ಶಿಕಾರಿಪುರದಲ್ಲಿ ಅಂಜನಾಪುರ ಜಲಾಶಯದ ನೀರು ಬರುವ ಕಡೆ ಭತ್ತ ಇದೆ, ಬೇರೆ ಎಷ್ಟೋ ಕಡೆ ಮೆಕ್ಕೆಜೋಳವೂ ಅಡಿಕೆಯೂ ಬಂದಿವೆ. ಜೋಳದ ಬುಡಕ್ಕೋ ಅಡಿಕೆ ಮರಕ್ಕೋ ಪೂಜೆ ಮಾಡುವವರು ಬೇಕಾದಷ್ಟು ಜನ. ಪೇಟೆಯ ಬಾಡಿಗೆ ಮನೆಯಲ್ಲಿರುವ ನನ್ನ ತಂಗಿ ಹಿತ್ತಲಿನ ಬಸಳೆ ಚಪ್ಪರದ ಕೆಳಗೆ ಎಡೆ ಇಡುತ್ತಾಳೆ.

12. ಬುಟ್ಟಿಯನ್ನು ಮನೆಗೆ ತಂದ ದಿನವೇ ಎತ್ತಿಡಿ.

ಊಟ ತುಂಬುವಾಗಲೇ ಒಳಗೆ ಬಾಳೆಲೆ ಎರಡು ಪದರ ಹಾಸಿ, ಎಣ್ಣೆ ಜಿಡ್ಡು ತಾಗಬಾರದು. ಗದ್ದೆಯಲ್ಲಿ ಬೀರಿದ್ದಾಯಿತು, ಕಾಗೆಗೆ ಇಟ್ಟದ್ದಾಯಿತು, ಒಂದು ಎಡೆ ಮಣ್ಣಲ್ಲಿ ಹೂತದ್ದಾಯಿತು, ಬದುವಿನ ಮೇಲೆ ಕೂತು ಎಲ್ಲರೂ ಉಂಡದ್ದಾಯಿತು. ಮನೆಗೆ ಬಂದ ಮೇಲೆ ನಿದ್ದೆ ಎಳೆಯುತ್ತದೆ, ಆದರೂ ಒಣ ಬಟ್ಟೆಯಿಂದ ಬುಟ್ಟಿಯ ಒಳಗನ್ನು ಒರೆಸಿ. ಅಕ್ಕಿ ಹಿಟ್ಟಿನ ಎಳೆಗೆ ಇಲಿ, ಜಿರಲೆ ಬರುತ್ತವೆ. ನೆಲದ ಮೇಲಿಡದೆ ಒಲೆಯ ಹೊಗೆ ತಾಗುವ ಕಡೆ, ಅಟ್ಟದ ತೊಲೆಗೆ ತೂಗುಹಾಕಿ. ಸೋದರತ್ತೆ ಬುಟ್ಟಿ ತೂಗುಹಾಕುವಾಗ ತೊಳೆದ ಪುಂಡಿ ನಾರಿನ ಕುಂಚವನ್ನೂ ಅದೇ ಹಗ್ಗಕ್ಕೆ ಗಂಟು ಹಾಕುತ್ತಿದ್ದಳು. ಮುಂದಿನ ದಸರೆಗೆ ಬುಟ್ಟಿ ಇಳಿಸಿದವರಿಗೆ ಮೊದಲು ಕೈಗೆ ಸಿಗುತ್ತಿದ್ದದ್ದು ಅದೇ.