ಸಂಘಕ್ಕೆ ಸೇರುವುದು ತಪ್ಪೇ?



"ಫಾದರ್, ಕಾರ್ಮಿಕ ಸಂಘಕ್ಕೆ ಸೇರುವುದು ಕಥೋಲಿಕರಾದ ನಮಗೆ ಸರಿಯೇ?" ಭಾನುವಾರದ ಪೂಜೆಯ ನಂತರ ಹೀಗೆ ದನಿ ತಗ್ಗಿಸಿ ಕೇಳುವವರು ಈಗಲೂ ಇದ್ದಾರೆ. ಸಂಘವೆಂದರೆ ಕೆಂಪು ಬಾವುಟ, ದೇವರಿಲ್ಲ ಎನ್ನುವವರ ಸಹವಾಸ ಎಂಬ ಅಂಜಿಕೆ ಒಂದು. ಕೆಲಸ ಹೋದೀತೆಂಬ ಅಂಜಿಕೆ ಇನ್ನೊಂದು. ಎರಡನೆಯದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಮೊದಲನೆಯದಕ್ಕೆ ಧರ್ಮಸಭೆ ಎಂದೋ ಉತ್ತರ ಕೊಟ್ಟಿದೆ.

ಸಂತ ಮತ್ತಾಯರ ಶುಭಸಂದೇಶದಲ್ಲಿ ದ್ರಾಕ್ಷಿತೋಟದ ಕೂಲಿಯವರ ಸಾಮತಿ ನಿಮಗೆ ಗೊತ್ತು. ಯಜಮಾನನ ಔದಾರ್ಯದ ಬಗ್ಗೆ ನಾವು ಪ್ರಬೋಧನೆ ಕೊಡುತ್ತೇವೆ. ಆದರೆ ಸಂಜೆಯವರೆಗೂ ಪೇಟೆಯಲ್ಲಿ ನಿಂತೇ ಇದ್ದವರನ್ನು ಗಮನಿಸಿ. ಅವರು ಸೋಮಾರಿಗಳಲ್ಲ; ಅವರನ್ನು ಯಾರೂ ಕರೆದಿರಲಿಲ್ಲ. ನಮ್ಮ ಊರುಗಳ ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ಕಾಯುವ ಗಾರೆ ಕೆಲಸದವರೂ ಹಾಗೆಯೇ.

1889ರಲ್ಲಿ ಲಂಡನ್ ಬಂದರಿನ ಗೇಟುಗಳ ಮುಂದೆ ಇದೇ ದೃಶ್ಯವಿತ್ತು. ಮೇಸ್ತ್ರಿ ಬೆರಳು ತೋರಿಸಿದವನಿಗೆ ಕೆಲಸ. ಗಂಟೆಗೆ ಐದು ಪೆನ್ಸ್ ಕೂಲಿ. ಒಂದೆರಡು ಗಂಟೆ ದುಡಿಸಿಕೊಂಡು ಮನೆಗೆ ಕಳುಹಿಸುವುದೂ ಇತ್ತು. ಆಗಸ್ಟ್ 14ರಂದು ಮುಷ್ಕರ ಆರಂಭವಾಯಿತು. ಗಂಟೆಗೆ ಆರು ಪೆನ್ಸ್ ಕೊಡಿ, ಕರೆದ ಮೇಲೆ ಕನಿಷ್ಠ ನಾಲ್ಕು ಗಂಟೆ ಕೆಲಸ ಕೊಡಿ ಎಂಬುದು ಬೇಡಿಕೆ. ಅವರಲ್ಲಿ ಅನೇಕರು ಐರಿಷ್ ಕಥೋಲಿಕರು. ಆಸ್ಟ್ರೇಲಿಯಾದ ಜನರು ಅವರಿಗಾಗಿ 30,000 ಪೌಂಡಿಗೂ ಹೆಚ್ಚು ಹಣ ಕೂಡಿಸಿ ಕಳುಹಿಸಿದರು.

ಆಗ ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಕಾರ್ಡಿನಲ್ ಮ್ಯಾನಿಂಗ್. ವಯಸ್ಸು 81. ತಂದೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವರು. ಮನೆಯಲ್ಲೇ ಕುಳಿತು ಆಶೀರ್ವಾದ ಕಳುಹಿಸಬಹುದಿತ್ತು. ಅವರು ಬಂದರಿನ ನಿರ್ದೇಶಕರ ಬಳಿ ಹೋದರು. ಸೆಪ್ಟೆಂಬರ್ 10ರಂದು ಪಾಪ್ಲರಿನ ಒಂದು ಕಥೋಲಿಕ ಶಾಲೆಯಲ್ಲಿ ಮುಷ್ಕರದ ಮುಖಂಡರೊಡನೆ ಕುಳಿತರು. ಹೊಸ ಕೂಲಿ ಜನವರಿಯಿಂದ ಎಂದರೆ ಕಾರ್ಮಿಕರು ಒಪ್ಪಲಿಲ್ಲ. ಗಂಟೆಗಟ್ಟಲೆ ಮಾತಾಡಿ ನವೆಂಬರ್ 4 ಎಂಬ ದಿನಕ್ಕೆ ಅವರನ್ನು ಒಪ್ಪಿಸಿದರು. ಒಂದು ವಾರದೊಳಗೆ ಬಂದರು ಮತ್ತೆ ತೆರೆಯಿತು. ತಾಳ್ಮೆಯಿಂದಿರಿ, ಸ್ವರ್ಗದಲ್ಲಿ ಪ್ರತಿಫಲ ಸಿಗುತ್ತದೆ ಎಂದು ಹೇಳಿ ಅವರು ಎದ್ದು ಬರಲಿಲ್ಲ.

1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋರವರು 'ರೇರುಂ ನೊವಾರುಂ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ಸಂಘ ಕಟ್ಟಿಕೊಳ್ಳುವುದು ಮನುಷ್ಯನ ಸ್ವಾಭಾವಿಕ ಹಕ್ಕು; ಅದು ಸರ್ಕಾರ ಕರುಣಿಸಿದ್ದಲ್ಲ ಎಂಬುದು ಅದರ ಬೋಧನೆ. ಇನ್ನೊಂದು ಮಾತನ್ನು ಮಾಲೀಕರಾದವರು ವಿಶೇಷವಾಗಿ ಗಮನಿಸಬೇಕು. "ಅವನೇ ಒಪ್ಪಿಕೊಂಡು ಬಂದ ಸಂಬಳವಲ್ಲವೇ?" ಎನ್ನುತ್ತೇವೆ. ಹಸಿವಿಗೆ ಹೆದರಿ ಒಪ್ಪಿದ ಒಪ್ಪಿಗೆ ಬಲಾತ್ಕಾರವೇ ಎನ್ನುತ್ತಾರೆ ಲಿಯೋರವರು. ಮಿತವಾಗಿ ಬಾಳುವ ದುಡಿಮೆಗಾರನ ಜೀವನಕ್ಕೆ ಸಾಲದ ಕೂಲಿ, ಕರಾರಿನಲ್ಲಿದ್ದರೂ ನ್ಯಾಯವಲ್ಲ. ಹಿಂಸೆ, ಆಸ್ತಿನಾಶಗಳನ್ನು ಅವರು ಅಷ್ಟೇ ಕಟುವಾಗಿ ಖಂಡಿಸಿದ್ದಾರೆ. ಪಕ್ಷ ರಾಜಕೀಯಕ್ಕೆ ಮುಷ್ಕರವನ್ನು ಬಳಸಬಾರದೆಂದು 1981ರಲ್ಲಿ ಎರಡನೆಯ ಜಾನ್ ಪೌಲರೂ ಎಚ್ಚರಿಸಿದರು. ನ್ಯಾಯವಾದ ಮುಷ್ಕರದ ಹಕ್ಕನ್ನು ಅವರು ನಿರಾಕರಿಸಲಿಲ್ಲ.

ಸಂಘವಿಲ್ಲದಿದ್ದರೆ ಏನಾಗುತ್ತದೆ? 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಹೆಚ್ಚಿನವರಿಗೆ ಸಂಘವೇ ಇರಲಿಲ್ಲ. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಕೈಬಿಟ್ಟಿತು, ನಿಜ. ಆದರೆ ಅಷ್ಟರಲ್ಲಿ ಕಲ್ಲು, ಬೆಂಕಿ, ಲಾಠಿ ಎಲ್ಲವೂ ಆಗಿಹೋಗಿತ್ತು. ಅವರ ಪರವಾಗಿ ಮೇಜಿನ ಮುಂದೆ ಕುಳಿತು ಮಾತಾಡುವವರು ಇರಲಿಲ್ಲ.

ಈ ಸಾಲುಗಳನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ನ್ಯಾಯದ ಬಗ್ಗೆ ಮಾತಾಡುವವರು ಮೊದಲು ತಾವು ನ್ಯಾಯವಂತರಾಗಿ ಕಾಣಬೇಕೆಂದು 1971ರ ಧರ್ಮಾಧ್ಯಕ್ಷರ ಸಭೆ ಹೇಳಿದೆ. ನಮ್ಮ ಶಾಲೆಯ ಆಯಾಗಳು, ಹಾಸ್ಟೆಲಿನ ಅಡುಗೆಯವರು, ದೇವಾಲಯದ ಕಸ ಗುಡಿಸುವವರು ಒಟ್ಟಾಗಿ ಬಂದು ಸಂಬಳದ ಮಾತೆತ್ತಿದರೆ ಗುರುಗಳಾದ ನಾವು ಕುರ್ಚಿ ಕೊಟ್ಟು ಕೂರಿಸುತ್ತೇವೆಯೇ? ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆ ವಾರಕ್ಕೊಂದು ರಜೆ ಕೇಳಿದರೆ ನೀವು?