ಒದ್ದೆ ಬಟ್ಟೆಯ ಕೆಳಗಿನ ಮಲ್ಲಿಗೆ: ಬೋಧನಾಭ್ಯಾಸದಲ್ಲಿ ಒಂದು ನೋಟ್‌ಬುಕ್ಕಿನ ಅನುಭವ

ಹಿನ್ನೆಲೆ

ಬೋಧನಾಭ್ಯಾಸದ ಎರಡನೆಯ ವಾರ. ಒಂಬತ್ತನೆಯ ತರಗತಿಯ ‘ಎ’ ವಿಭಾಗಕ್ಕೆ ‘ಆವಿಯಾಗುವಿಕೆ’ ಪಾಠ. ಪೀಠಿಕೆಯಲ್ಲಿ ನಾನು ಕೇಳಿದ ಪ್ರಶ್ನೆ ಇದು: “ಬಿಸಿ ಚಹಾ ಕಪ್‌ನಲ್ಲಿ ಬೇಗ ಆರುತ್ತದೋ, ಸಾಸರ್‌ನಲ್ಲಿ ಬೇಗ ಆರುತ್ತದೋ?” ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಮ್ಮನೇಲಿ ಲೋಟದಲ್ಲೇ ಕುಡಿಯೋದು ಮಿಸ್, ಸಾಸರ್ ಇಲ್ಲ” ಎಂದ. ತರಗತಿ ನಕ್ಕಿತು. ನನಗೆ ಮುಂದಿನ ಮಾತು ಹೊಳೆಯಲಿಲ್ಲ. ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ: ಸಾಸರ್‌ನಲ್ಲಿ’ ಎಂದು ಬರೆದಿದ್ದೆ. ಬೇರೆ ಉತ್ತರ ಬಂದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

ಆ ಪ್ರಶ್ನೆ ನನ್ನದೂ ಆಗಿರಲಿಲ್ಲ. ಸೀನಿಯರ್ ಒಬ್ಬರ ರೆಕಾರ್ಡ್‌ನಿಂದ ಇಳಿಸಿಕೊಂಡದ್ದು. ಅವರು ಪಠ್ಯಪುಸ್ತಕದ ಅಭ್ಯಾಸದಿಂದ ತೆಗೆದುಕೊಂಡಿದ್ದರು. ‘ದೈನಂದಿನ ಜೀವನದ ಉದಾಹರಣೆ’ ಎಂಬ ತಲೆಬರಹದ ಕೆಳಗೆ ನಾನು ಬರೆದದ್ದು ಯಾರದೋ ದೈನಂದಿನ ಜೀವನವನ್ನು. ಆ ಮಕ್ಕಳದ್ದಲ್ಲ, ನನ್ನದೂ ಅಲ್ಲ.

ಅಂದು ಸಂಜೆ ನನ್ನ ಪ್ರತಿಫಲನ ದಿನಚರಿಯನ್ನು ತಿರುವಿ ನೋಡಿದೆ. ‘ಪಾಠ ಯಶಸ್ವಿಯಾಯಿತು. ಕಪ್ಪುಹಲಗೆಯ ಬಳಕೆ ಸುಧಾರಿಸಬೇಕು.’ ಪ್ರತಿ ಪುಟದಲ್ಲೂ ಹೆಚ್ಚುಕಡಿಮೆ ಇದೇ ವಾಕ್ಯ. ಹೆಸರು ಬದಲಿಸಿದರೆ ನಮ್ಮ ಗುಂಪಿನ ಯಾರ ದಿನಚರಿಯಾದರೂ ಆಗಬಹುದಿತ್ತು. ಹೈಸ್ಕೂಲಿನಲ್ಲಿ ಗೋಡೆಪತ್ರಿಕೆಗೆ ತಿಂಗಳಿಗೊಂದು ಬರಹ ಕೊಡುತ್ತಿದ್ದವಳು ನಾನು. ಬಿ.ಎಸ್ಸಿ.ಯ ಮೂರು ವರ್ಷಗಳಲ್ಲಿ ‘ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ’ ಬಿಟ್ಟು ಬೇರೇನನ್ನೂ ಬರೆಯಲಿಲ್ಲ. ಬರೆಯುವುದು ನಿಂತದ್ದರ ಜೊತೆಗೆ ಸುತ್ತ ನೋಡುವುದೂ ನಿಂತಿತ್ತು ಎಂಬುದು ಆ ದಿನ ತಿಳಿಯಿತು.

ಕೈಗೊಂಡ ಕ್ರಮ

ಮರುದಿನ ಇನ್ನೂರು ಪುಟದ ಒಂದು ಸಾದಾ ನೋಟ್‌ಬುಕ್ ಕೊಂಡೆ. ನನಗೆ ನಾನೇ ನಾಲ್ಕು ನಿಯಮಗಳನ್ನು ಹಾಕಿಕೊಂಡೆ.

1. ದಿನಕ್ಕೆ ಐದೇ ಸಾಲು. ಅಂದು ಕಣ್ಣಾರೆ ಕಂಡ ಒಂದು ಸಂಗತಿ ಮಾತ್ರ.
2. ಎಷ್ಟು, ಎಲ್ಲಿ, ಯಾವಾಗ ಎಂಬುದು ಇರಬೇಕು. ‘ಸುಂದರವಾಗಿತ್ತು’ ಎಂದು ಬರೆಯಬಾರದು.
3. ಕೊನೆಗೆ ನನಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ.
4. ಪಾಠಕ್ಕೆ ಉಪಯೋಗವಾಗುತ್ತದೆಯೇ ಎಂದು ಬರೆಯುವಾಗ ಯೋಚಿಸಬಾರದು.

ಮೊದಲ ದಿನಗಳು ಕಷ್ಟವಾದವು. ಒಂದು ಪುಟದಲ್ಲಿ ‘ಏನೂ ಕಾಣಲಿಲ್ಲ’ ಎಂದಷ್ಟೇ ಇದೆ. ಆರನೆಯ ದಿನದ ಬರಹವನ್ನು ಇದ್ದಂತೆಯೇ ಕೊಡುತ್ತೇನೆ:

‘ಬಸ್‌ಸ್ಟಾಪ್, ಬೆಳಿಗ್ಗೆ 8.40. ಹೂ ಮಾರುವ ಅಜ್ಜಿ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿದ್ದರು. ನಾನು ಬಸ್‌ಗೆ ಕಾದ ಇಪ್ಪತ್ತು ನಿಮಿಷದಲ್ಲಿ ಎರಡು ಸಲ ನೀರು ಚಿಮುಕಿಸಿದರು. ಒಂದು ಮೊಳ ಕೊಂಡೆ. ಹೂ ಕೈಗೆ ತಣ್ಣಗಿತ್ತು. ಚಿಮುಕಿಸಿದ ನೀರು ತಣ್ಣಗಿತ್ತೋ, ಆಮೇಲೆ ತಣ್ಣಗಾಯಿತೋ?’

ಈ ಬಗೆಯ ನೋಟಕ್ಕೆ ವಿಜ್ಞಾನ ಬೋಧನೆಯಲ್ಲಿ ದೊಡ್ಡ ಪರಂಪರೆಯೇ ಇದೆ. ಮೈಕೆಲ್ ಫ್ಯಾರಡೆ 1860–61ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಎಳೆಯರಿಗಾಗಿ ನೀಡಿದ ಆರು ಉಪನ್ಯಾಸಗಳಿಗೆ ಮೇಣದಬತ್ತಿಯೊಂದೇ ಆಧಾರವಾಗಿತ್ತು. ಕನ್ನಡದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನೇ ‘ಹಸುರು ಹೊನ್ನು’ ಆಗಿಸಿದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುವುದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಜೋಡಿಸಬೇಕಾದರೆ ಆ ಬದುಕನ್ನು ಶಿಕ್ಷಕರು ಮೊದಲು ನೋಡಿರಬೇಕು.

ಪಾಠದಲ್ಲಿ ಬಳಕೆ

ಎರಡು ವಾರಗಳ ನಂತರ ಅದೇ ಪಾಠವನ್ನು ‘ಬಿ’ ವಿಭಾಗಕ್ಕೆ ಮಾಡುವ ಅವಕಾಶ ಸಿಕ್ಕಿತು. ಮಳೆ ಬಿಡುವು ಕೊಟ್ಟ ಬಿಸಿಲಿನ ದಿನ. ಅಜ್ಜಿಯ ಬುಟ್ಟಿಯ ಸಂಗತಿಯನ್ನು ಓದಿ ಹೇಳಿ, ನನ್ನ ಪ್ರಶ್ನೆಯನ್ನೇ ಮಕ್ಕಳ ಮುಂದಿಟ್ಟೆ.

ಪ್ರಯೋಗಾಲಯದ ಎರಡು ತಾಪಮಾಪಕಗಳನ್ನು ತಂದಿದ್ದೆ. ಎರಡೂ 29 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದವು. ಒಂದರ ಬುರುಡೆಗೆ ತೆಳು ಹತ್ತಿ ಬಟ್ಟೆ ಸುತ್ತಿ, ಮೊದಲೇ ಕೋಣೆಯಲ್ಲಿಟ್ಟು 29 ಡಿಗ್ರಿಗೆ ಬಂದಿದ್ದ ನೀರಿನಲ್ಲಿ ತೋಯಿಸಿದೆವು. ಒಬ್ಬ ಹುಡುಗ ರಟ್ಟಿನಿಂದ ಎರಡಕ್ಕೂ ಒಂದೇ ಸಮನೆ ಗಾಳಿ ಹಾಕಿದ. ಕೆಲವೇ ನಿಮಿಷಗಳಲ್ಲಿ ಒದ್ದೆ ಬಟ್ಟೆಯದು 24ಕ್ಕೆ ಇಳಿಯಿತು. ಒಣಗಿದ್ದದ್ದು 29ರಲ್ಲೇ ಉಳಿಯಿತು. ನೀರು ಮೊದಲೇ ತಣ್ಣಗಿರಲಿಲ್ಲ, ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರಿಕೊಂಡು ತಂಪು ಮಾಡಿತು ಎಂಬುದನ್ನು ಮಕ್ಕಳೇ ಹೇಳಿದರು. ಗುಪ್ತೋಷ್ಣ ಎಂಬ ಪದವನ್ನು ನಾನು ಆಮೇಲೆ ಕೊಟ್ಟೆ.

ಆಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ತಾಯಿ ಮನೆಯಲ್ಲಿ ಹೂ ಕಟ್ಟುತ್ತಾರೆ. “ಮಿಸ್, ಮಳೆ ಹಿಡಿದರೆ ಅಮ್ಮ ಬಟ್ಟೆ ಒದ್ದೆ ಮಾಡಲ್ಲ. ಹೂ ಕೊಳೆಯುತ್ತೆ ಅಂತಾರೆ.”

ನನ್ನ ಪಾಠಯೋಜನೆಯಲ್ಲಿ ‘ಆರ್ದ್ರತೆಯ ಪ್ರಭಾವ’ ಮುಂದಿನ ಅವಧಿಗೆ ಇತ್ತು. ಅದನ್ನು ಅವಳೇ ಆರಂಭಿಸಿದಳು. ಮೂರು ದಿನಗಳ ನಂತರ ಮಳೆ ಬಂದಾಗ ಅದೇ ಪ್ರಯೋಗ ಮಾಡಿದೆವು. ಒಣ ತಾಪಮಾಪಕ 25, ಒದ್ದೆಯದು 23. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಆವಿಯಾಗುವುದು ನಿಧಾನ, ತಂಪೂ ಕಡಿಮೆ. ನೀರು ಆರದೆ ಹೂವಿನ ಮೇಲೆಯೇ ನಿಲ್ಲುತ್ತದೆ. ಆ ತಾಯಿಯ ರೂಢಿಗೂ ನಮ್ಮ ಕೋಷ್ಟಕದ ಅಂಕಿಗಳಿಗೂ ಹೊಂದಾಣಿಕೆಯಾದಾಗ ಹುಡುಗಿಯ ಮುಖ ನೋಡಬೇಕಿತ್ತು.

ಎಡವಿದ್ದು

ಇಷ್ಟರಿಂದ ಉತ್ಸಾಹ ಹೆಚ್ಚಾಗಿ ಮುಂದಿನ ವಾರ ತಪ್ಪು ಮಾಡಿದೆ. ‘ವೇಗ ಮತ್ತು ವೇಗೋತ್ಕರ್ಷ’ ಪಾಠಕ್ಕೆ ಬಸ್ ಪ್ರಯಾಣದ ಮೂರು ಬರಹಗಳನ್ನು ತುಂಬಿದೆ. ಮಕ್ಕಳು ಖುಷಿಯಿಂದ ಕೇಳಿದರು. ಆದರೆ ಕೊನೆಯಲ್ಲಿ ಒಂದು ಸರಳ ಲೆಕ್ಕವನ್ನೂ ಮಾಡಲಾಗಲಿಲ್ಲ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಕಥೆ ಚೆನ್ನಾಗಿತ್ತು, ಕಲಿಕಾಂಶ ಎಲ್ಲಿ?’ ಅದು ನ್ಯಾಯವಾದ ಮಾತು. ನೋಟ್‌ಬುಕ್ಕಿನಲ್ಲಿ ಇರುವುದೆಲ್ಲ ತರಗತಿಗೆ ಬರಬೇಕಿಲ್ಲ. ಮಕ್ಕಳು ಪರೀಕ್ಷಿಸಿ ನೋಡಬಹುದಾದ ಪ್ರಶ್ನೆ ಇದ್ದರೆ ಮಾತ್ರ ಅದು ಪಾಠಕ್ಕೆ ಬರಲಿ ಎಂಬುದನ್ನು ಈಗ ಐದನೆಯ ನಿಯಮ ಮಾಡಿಕೊಂಡಿದ್ದೇನೆ.

ಕಂಡುಕೊಂಡದ್ದು

ನಲವತ್ತೆರಡು ದಿನಗಳಲ್ಲಿ ಮೂವತ್ತಾರು ಬರಹಗಳಾಗಿವೆ. ಪಾಠಕ್ಕೆ ಬಂದವು ಐದು. ಉಳಿದ ಮೂವತ್ತೊಂದು ವ್ಯರ್ಥ ಎಂದು ನನಗೆ ಅನಿಸುವುದಿಲ್ಲ. ಅವುಗಳನ್ನು ಬರೆದಿರದಿದ್ದರೆ ಆ ಐದು ಕಣ್ಣಿಗೆ ಬೀಳುತ್ತಿರಲಿಲ್ಲ. ಸೃಜನಶೀಲತೆ ಕೆಲವರಿಗಷ್ಟೇ ಹುಟ್ಟಿನಿಂದ ಬಂದ ಗುಣವೆಂದು ನಾನು ನಂಬಿದ್ದೆ. ದಿನಾ ಐದು ಸಾಲು ಬರೆಯುವ ರೂಢಿಯಿಂದ ಅದು ಮರಳಬಹುದು ಎಂಬುದು ನನ್ನ ಅನುಭವ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಸಲಹೆ ಒಂದೇ: ಇದನ್ನು ಪ್ರತಿಫಲನ ದಿನಚರಿಯೊಂದಿಗೆ ಬೆರೆಸಬೇಡಿ, ಪ್ರತ್ಯೇಕ ಪುಸ್ತಕವಿರಲಿ. ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ: ಇದಕ್ಕೆ ಆಂತರಿಕ ಅಂಕ ಇಡಬೇಡಿ. ಅಂಕ ಇಟ್ಟರೆ ಇದೂ ರೆಕಾರ್ಡ್ ಆಗುತ್ತದೆ, ಮುಂದಿನ ವರ್ಷದವರು ನನ್ನ ಅಜ್ಜಿಯ ಬುಟ್ಟಿಯನ್ನೇ ಇಳಿಸಿಕೊಳ್ಳುತ್ತಾರೆ.

ಬೋಧನಾಭ್ಯಾಸದ ಕೊನೆಯ ದಿನ ಅನುಮತಿ ಪಡೆದು ‘ಎ’ ವಿಭಾಗಕ್ಕೆ ಹದಿನೈದು ನಿಮಿಷ ಹೋಗಿ ತಾಪಮಾಪಕದ ಪ್ರಯೋಗ ಮಾಡಿಸಿದೆ. ಅವರಿಗೆ ನಾನು ಕೊಡಬೇಕಾಗಿದ್ದ ಬಾಕಿ ಅದು. ಅಳತೆ ಓದಲು ಸಾಸರ್ ಇಲ್ಲವೆಂದ ಹುಡುಗನನ್ನೇ ಕರೆದೆ. ಓದಿ ಮುಗಿಸಿ ಅವನು ಕೇಳಿದ: “ಮಿಸ್, ಲೋಟಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಚಹಾನೂ ಬೇಗ ಆರುತ್ತಾ?” ಮನೆಯಲ್ಲಿ ಎರಡು ಲೋಟ ಇಟ್ಟು ನೋಡು ಎಂದೆ. ಆ ಸಂಜೆ ನನ್ನ ನೋಟ್‌ಬುಕ್ಕಿನ ಐದನೆಯ ಸಾಲಿಗೆ ಅವನ ಪ್ರಶ್ನೆಯನ್ನೇ ಬರೆದುಕೊಂಡೆ.