ಗಂಟು ಬಿಚ್ಚಿ ಕೂರಿ

ಕೊಟ್ಟೂರು ಸಂತೆಗೆ ಹೊರಟಷ್ಟು ಸಲೀಸಾಗಿ ನಮ್ಮ ಜನ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ವಕೀಲರ ಫೀಸಿನ ಭಯ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಉಚಿತ ವಕೀಲರನ್ನು ಕೇಳಬಹುದು. ಇವರಿಗೆ ಆದಾಯದ ಮಿತಿಯಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಲಾ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೂ ಒಂದು ಮಾತು. ಪ್ರತಿ ಕಾನೂನು ಕಾಲೇಜಿನಲ್ಲೂ ಕಾನೂನು ನೆರವು ಕೇಂದ್ರ ಇರಬೇಕೆಂದು ಬಾರ್ ಕೌನ್ಸಿಲ್ 2008ರಲ್ಲೇ ನಿಯಮ ಮಾಡಿದೆ. ಅಣಕು ನ್ಯಾಯಾಲಯ, ದಾವೆ ಬರೆಯುವುದು, ರಾಜಿ-ಸಂಧಾನ ಎಲ್ಲವೂ ಈಗ ಪಠ್ಯದಲ್ಲೇ ಇವೆ. ಬರೀ ಅಂಕಕ್ಕಾಗಿ ಮಾಡಿದರೆ ವ್ಯರ್ಥ. ಕೋಗಳಿ ಊರಿನ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಪ್ಲಾಸ್ಟಿಕ್ ಕವರ್ ಬಿಚ್ಚಿ ಪಹಣಿ, ರೇಷನ್ ಕಾರ್ಡು, ಗಂಡನ ಮರಣ ಪತ್ರ ಹರಡಿದಾಗ ಸೆಕ್ಷನ್ ನಂಬರ್ ಒದರಬೇಡಿ. "ಅಜ್ಜಿ, ಹೊಲ ಇನ್ನೂ ಯಾರ ಹೆಸರಿನ್ಯಾಗೈತಿ?" ಅಂತ ಕೇಳಿ. ಬಹಳ ಸಲ ಬೇಕಿರುವುದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಅಷ್ಟೇ. ವಾರಸುದಾರರಲ್ಲಿ ತಕರಾರಿಲ್ಲದಿದ್ದರೆ ಕೋರ್ಟೇ ಬೇಡ. ವಂಶವೃಕ್ಷ ಮಾಡಿಸಿ, ಅರ್ಜಿ ಬರೆದುಕೊಡಿ, ನಾಡಕಚೇರಿಯವರೆಗೆ ಜೊತೆಗೆ ಹೋಗಿ. ವಾದ ಮಾಡುವುದು ವಕೀಲಿ ಸನ್ನದು ಸಿಕ್ಕ ಮೇಲೆ.

ಅಜ್ಜಿ, ನೀವೂ ಅಷ್ಟೇ: ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ, ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ.